ನಿಜವಾದಿಗೆ ತಂದ ಹಾರ

ಸುಗಂಧರಾಜದ ವಾಸನೆ ನನಗೆ ಆಗುವುದಿಲ್ಲ. ತಲೆನೋವು, ಸೀನು ಅಂಥದ್ದೇನೂ ಇಲ್ಲ, ಸುಮ್ಮನೆ ಸಿಟ್ಟು ಬರುತ್ತದೆ. ಮೊನ್ನೆ ಪುಟ್ಟೇನಹಳ್ಳಿಯ ಒಂದು ಕಲ್ಯಾಣ ಮಂಟಪಕ್ಕೆ ನಾಮಕರಣದ ಊಟಕ್ಕೆ ಹೋಗಿದ್ದೆ. ಬಾಗಿಲ ತುಂಬ ಸುಗಂಧರಾಜದ ಮಾಲೆಗಳನ್ನು ಇಳಿಬಿಟ್ಟಿದ್ದರು. ಅದರ ಕೆಳಗೆ ಇಬ್ಬರು ಹುಡುಗರು ಒಂದೇ ಫೋನಿಗೆ ತಲೆ ತೂರಿಸಿಕೊಂಡು ನಗುತ್ತಿದ್ದರು. "ಮಗಾ, ಸಖತ್ತಾಗಿ ಟ್ರೋಲ್ ಮಾಡಿದಾರೆ ನೋಡೋ ಇವನ್ನ!" ವಾಸನೆ ಮೂಗಿಗೆ, ಆ ಮಾತು ಕಿವಿಗೆ, ಎರಡೂ ಒಟ್ಟಿಗೆ ಬಿದ್ದವು. ಚಪ್ಪಲಿ ಬಿಡುವುದನ್ನೂ ಮರೆತು ಅಲ್ಲೇ ನಿಂತೆ. ಆ ಮಂಟಪ ಇರುವ ಜಾಗದಲ್ಲಿ ಒಂದು ಓದುವ ಕೋಣೆ ಬರಬೇಕಿತ್ತು. ಬರಲಿಲ್ಲ. ಯಾಕೆ ಬರಲಿಲ್ಲ ಎನ್ನುವುದು ಒಂದು ಮಳೆಗಾಲದ ಸಂಗತಿ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಆಗ ನಾನು ಜೆ.ಪಿ. ನಗರದ ಕೊನೆಯಲ್ಲಿ, ಪುಟ್ಟೇನಹಳ್ಳಿ ಕೆರೆಯ ಕಡೆ ಹೋಗುವ ರಸ್ತೆಯಲ್ಲಿ, ಒಂದು ಸೈಬರ್ ಸೆಂಟರ್ ಇಟ್ಟಿದ್ದೆ. ದೊಡ್ಡ ಹೆಸರು, ಚಿಕ್ಕ ಅಂಗಡಿ. ನಾಲ್ಕು ಹಳೇ ಕಂಪ್ಯೂಟರ್, ಒಂದು ಜೆರಾಕ್ಸ್ ಮಷೀನು, ಬಾಗಿಲ ಪಕ್ಕ ಹಳದಿ ಬಣ್ಣದ ಎಸ್‌ಟಿಡಿ ಬೂತು. ಮಳೆ ಬಂದರೆ ಫೋನಿನ ತಂತಿಗೆ ನೀರು ಹೋಗಿ ಇಂಟರ್‌ನೆಟ್ ಸತ್ತು ಬೀಳುತ್ತಿತ್ತು. ಆವಾಗ ಶಪಿಸುತ್ತಿದ್ದೆ. ಆಮೇಲಾಮೇಲೆ, ದಿನವಿಡೀ ಮಳೆ ಹುಯ್ಯಲಿ ದೇವರೇ ಎಂದು ಬೇಡಿಕೊಳ್ಳುವ ಹಾಗಾಯಿತು.

ಮುನಿಯಪ್ಪ ಮೇಷ್ಟ್ರು ನನ್ನ ಅಂಗಡಿಗೆ ದಿನಾ ಬರುತ್ತಿದ್ದರು. ಲೇಔಟ್ ಹುಟ್ಟುವುದಕ್ಕೆ ಮುಂಚಿನ ಪುಟ್ಟೇನಹಳ್ಳಿ ಊರಿದೆಯಲ್ಲ, ಅಲ್ಲಿಯವರು. ಸರ್ಕಾರಿ ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತರಾಗಿದ್ದರು. ಮನೆಯಲ್ಲಿ ಬುದ್ಧನ ಪಟ ಇಟ್ಟುಕೊಂಡಿದ್ದ ಕುಟುಂಬ. ಮಗಳಿಗೆ ಸುಜಾತ ಅಂತ ಹೆಸರಿಟ್ಟಿದ್ದರು. ಆ ವರ್ಷ ಅವಳಿಗೆ ಎರಡನೇ ಪಿಯುಸಿ. ಇರುವುದು ಎರಡೇ ಕೋಣೆ, ಅಣ್ಣಂದಿರು, ಅತ್ತಿಗೆಯರು, ಕೂಸುಗಳು, ಮೇಲೆ ಟಿವಿ. ಸುಜಾತ ಸಂಜೆ ಹೊತ್ತು ಊರಿನ ನೀರಿನ ಟ್ಯಾಂಕಿನ ಮೆಟ್ಟಿಲ ಮೇಲೆ ಕೂತು ಓದುತ್ತಿದ್ದಳು. ಅವಳ ಜೊತೆ ಊರಿನ ಇನ್ನೂ ಕೆಲವು ಹೆಣ್ಣುಮಕ್ಕಳು. ಮಳೆ ಬಂದರೆ ಪುಸ್ತಕವನ್ನು ಸೆರಗಿನಲ್ಲೋ ದುಪಟ್ಟಾದಲ್ಲೋ ಮುಚ್ಚಿಕೊಂಡು ನನ್ನ ಅಂಗಡಿಯ ಸೂರಿಗೆ ಓಡಿ ಬರುತ್ತಿದ್ದರು. ಟ್ಯಾಂಕಿನ ಎದುರಿಗೇ, ಊರಿಗೂ ಲೇಔಟ್‌ಗೂ ನಡುವೆ, ಒಂದು ಖಾಲಿ ಜಾಗ ಇತ್ತು. ಸಾರ್ವಜನಿಕರಿಗೆ ಉಪಯೋಗವಾಗುವಂಥದ್ದು ಏನಾದರೂ ಕಟ್ಟಲಿ ಎಂದು ಬಿಟ್ಟಿದ್ದ ಸೈಟು. ಅಲ್ಲಿ ಒಂದು ಓದುವ ಕೋಣೆ ಆಗಬೇಕು, ಸುಜಾತಳ ಪರೀಕ್ಷೆಗೆ ಅಲ್ಲದಿದ್ದರೆ ಅವಳ ಹಿಂದಿನ ಹುಡುಗಿಯರ ಪರೀಕ್ಷೆಗಾದರೂ ಆಗಬೇಕು, ಇದು ಮೇಷ್ಟ್ರ ಒಂದೇ ಆಸೆ. ಮಾತಿಗೆ ಸಿಕ್ಕವರಿಗೆಲ್ಲ ಅದನ್ನೇ ಹೇಳುತ್ತಿದ್ದರು.

ಸೈಟು ಹಂಚುವ ಆಫೀಸಿನವರು ಒಂದು ಮಾತು ಹೇಳಿದ್ದರು. ಊರಿನವರು ಕೇಳಿದರೆ ಸಾಲದು, ಲೇಔಟ್ ಸಂಘದವರೂ ಜೊತೆಗೆ ನಿಂತು ಬೇಕು ಅನ್ನಬೇಕು. ಸಂಘದ ಕಾರ್ಯದರ್ಶಿ ಪ್ರಭಾ ಮೇಡಂ, ಬ್ಯಾಂಕಿನಲ್ಲಿ ಆಫೀಸರ್ ಆಗಿದ್ದವರು, ಮೊದಲ ದಿನವೇ ಒಪ್ಪಿದರು. "ಒಳ್ಳೇ ಕೆಲ್ಸ ಮೇಷ್ಟ್ರೇ, ಮಾಡೋಣ. ಆದ್ರೆ ನಮ್ಮೋರೆಲ್ಲ ಮೀಟಿಂಗಿಗೆ ಬರಲ್ಲ, ಇ-ಮೇಲ್ ಗ್ರೂಪಲ್ಲಿ ಹಾಕಿ, ಅಲ್ಲೇ ಚರ್ಚೆ ಆಗ್ಲಿ" ಎಂದರು. ಆಗ ಹೊಸ ಹುಚ್ಚು ಅದು. ಲೇಔಟ್‌ನ ಪ್ರತಿ ಮನೆಗೂ ಒಂದು ಇ-ಮೇಲ್, ಎಲ್ಲ ಸೇರಿ ಒಂದು ಗುಂಪು. ನೀರು ಬಂತಾ, ಕಸದ ಗಾಡಿ ಬಂತಾ, ಬೀದಿನಾಯಿ ಕಚ್ಚಿತಾ, ಎಲ್ಲ ಅದರಲ್ಲೇ. ಮೇಷ್ಟ್ರು ಕನ್ನಡದಲ್ಲಿ ಹೇಳುತ್ತಿದ್ದರು, ನಾನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುತ್ತಿದ್ದೆ. ಮೊದಲ ವಾರ ಎಷ್ಟು ಚೆನ್ನಾಗಿತ್ತು! ಒಬ್ಬರು ಪುಸ್ತಕ ಕೊಡುತ್ತೇನೆ ಅಂದರು, ಇನ್ನೊಬ್ಬರು ಮೇಜು ಕುರ್ಚಿ ಅಂದರು. ಮೇಷ್ಟ್ರು ಒಂದೊಂದು ಉತ್ತರವನ್ನೂ ನನ್ನ ಕೈಲಿ ಎರಡೆರಡು ಸಲ ಓದಿಸಿಕೊಂಡು, ಕನ್ನಡಕ ಒರೆಸಿಕೊಂಡು ಹೋಗುತ್ತಿದ್ದರು.

ಆಮೇಲೆ ಅವನು ಬಂದ. ಹೆಸರು ನಿಜವಾದಿ. ಅದು ಇಟ್ಟುಕೊಂಡ ಹೆಸರು, ಅಸಲಿ ಯಾರು ಅಂತ ಯಾರಿಗೂ ಗೊತ್ತಿಲ್ಲ. ಮೊದಲನೆಯ ಪ್ರಶ್ನೆ ಮರ್ಯಾದೆಯಾಗೇ ಇತ್ತು. ಓದುವ ಕೋಣೆಯ ಬೀಗದ ಕೈ ಯಾರ ಹತ್ತಿರ ಇರುತ್ತದೆ? ಮೇಷ್ಟ್ರು ಖುಷಿಯಿಂದ ಉತ್ತರ ಕೊಟ್ಟರು. ಮಾರನೆಯ ದಿನ, ಬೀಗದ ಕೈ ನಿಮ್ಮ ಊರಿನವರ ಹತ್ತಿರ ಇದ್ದರೆ ಲೇಔಟ್ ಹೆಂಗಸರ ಕ್ಷೇಮಕ್ಕೆ ಯಾರು ಜವಾಬ್ದಾರಿ? ಅದಕ್ಕೂ ಉದ್ದದ ಉತ್ತರ. ಅದರ ಮಾರನೆಯ ದಿನ, ಇಷ್ಟು ಉದ್ದ ಬರೆಯುತ್ತೀರಿ ಎಂದರೆ ಏನೋ ಮುಚ್ಚಿಡುತ್ತಿದ್ದೀರಿ, ಅಲ್ಲವೇ? ಕೊನೆಗೆ ಒಂದು ದಿನ ಹಲ್ಲು ಕಿರಿಯುವ ಗುರುತು ಹಾಕಿ ಕೇಳಿಯೇಬಿಟ್ಟ. ಅಂದ ಹಾಗೆ ಮೇಷ್ಟ್ರೇ, ತಾವು ಯಾವ ಜನ?

ನನಗೆ ಮೈ ಉರಿದುಹೋಯಿತು. "ಇದಕ್ಕೂ ಉತ್ತರ ಬರೀತೀರಾ ಮೇಷ್ಟ್ರೇ? ಥೂ, ಬಿಡಿ, ಕಾಲು ಕೆರ್ಕೊಂಡು ಜಗಳಕ್ಕೆ ಬರ್ತಾ ಇದಾನೆ ಇವ್ನು."

"ಬರಿಯಮ್ಮ ಗಿರಿಜಾ, ಕೇಳಿದಾರೆ ತಾನೆ? ನಾನು ಸಣ್ಣೋನಿದ್ದಾಗ ಇಸ್ಕೂಲಲ್ಲಿ ಒಂದು ಪ್ರಶ್ನೆ ಕೇಳ್ದೆ. ಏನ್ ಕೇಳ್ದೆ ಅನ್ನೋದೇ ಮರ್ತೋಗದೆ ಈಗ. ಕೇಳ್ದೆ ಅಂತ ಆಚೆ ನಿಲ್ಲಿಸ್ಬುಟ್ರು, ಬಿಸಿಲಲ್ಲಿ. ಅವತ್ತೇ ಅಂದ್ಕೊಂಡೆ ಕಣಮ್ಮ, ನಾನು ಮೇಷ್ಟ್ರಾದ್ರೆ ಕೇಳ್ದೋರಿಗೆಲ್ಲ ಉತ್ತರ ಕೊಡ್ತೀನಿ ಅಂತ. ಈಗ ವಯಸ್ಸಾದ್ ಮೇಲೆ ಬುಟ್ಬುಡು ಅಂದ್ರೆ ಹೆಂಗೆ?"

ಬರೆದೆ. ತಾವು ಯಾವ ಜನ, ತಮ್ಮ ತಾತ ಯಾವ ಕೆಲಸ ಮಾಡುತ್ತಿದ್ದರು, ಬುದ್ಧನನ್ನು ಯಾಕೆ ಒಪ್ಪಿಕೊಂಡರು, ಎಲ್ಲವನ್ನೂ ಬಿಡಿಸಿ ಹೇಳಿದರು. ಯಾವ ನಾಚಿಕೆಯೂ ಇರಲಿಲ್ಲ ಆ ಬರಹದಲ್ಲಿ. ಕೊನೆಯಲ್ಲಿ, ತಮ್ಮ ಅನುಮಾನ ಪರಿಹಾರವಾಯಿತೆಂದು ನಂಬುತ್ತೇನೆ, ಎಂದು ಸೇರಿಸಿದರು.

ಆ ದಿನ ಅಂಗಡಿಯಲ್ಲಿ ಬಸವರಾಜ ಇದ್ದ. ಗದಗದ ಕಡೆಯವನು, ಬಿಟಿಎಂ ಲೇಔಟ್‌ನಲ್ಲಿ ರೂಮು ಮಾಡಿಕೊಂಡು ಹತ್ತಿರದ ಆಫೀಸೊಂದರಲ್ಲಿ ಕೆಲಸಕ್ಕಿದ್ದ. ಮನೆಗೆ ಫೋನ್ ಮಾಡಲು ಬಂದವನು ಎಲ್ಲವನ್ನೂ ಕೇಳಿಸಿಕೊಂಡು ತಲೆ ಅಲ್ಲಾಡಿಸಿದ.

"ಮಾಸ್ತರ್ರ, ಇದಕ್ಕ ಟ್ರೋಲ್ ಅಂತಾರ್ರಿ. ಇಂಟರ್‌ನೆಟ್‌ನ್ಯಾಗ ಎಲ್ಲಾ ಕಡೆ ಇಂಥಾವ್ರು ಅದಾರ. ಅಂವಗ ನಿಮ್ಮ ಕೋಣೀನೂ ಬ್ಯಾಡ, ಜಾಗಾನೂ ಬ್ಯಾಡ. ಕೆರಿಯಾಗ ಗಾಳ ಬಿಟ್ಟು ಎಳಕೋತ ಹೋಗ್ತಾರ ನೋಡ್ರಿ, ಯಾವ ಮೀನು ಕಚ್ಚತೈತಿ ಅಂತ? ಹಂಗ. ನೀವು ಕಚ್ಚೀರಿ."

"ಮತ್ತೇನ್ ಮಾಡ್ಬೇಕಪ್ಪ?"

"ಏನೂ ಮಾಡಬಾರ್ದ್ರಿ. ಉತ್ತರಾನ ಅಂವಗ ಊಟ. ಊಟ ನಿಲ್ಲಿಸ್ರಿ, ತಾನ ಎದ್ದು ಹೋಗ್ತಾನ."

"ಹಂಗಲ್ಲ ಬಸವರಾಜು. ನಾನು ಬಾಯಿ ಮುಚ್ಕೊಂಡ್ರೆ, ಅಲ್ಲಿ ಓದ್ತಾ ಕೂತವ್ರಲ್ಲ ಮಿಕ್ಕೋರು, ಅವ್ರು ಏನಂದ್ಕೋತಾರೆ? ಏನೋ ಬಚ್ಚಿಟ್ಟವ್ನೆ ಮುದುಕ ಅನ್ನಲ್ವಾ?"

ಬಸವರಾಜ ಹೇಳಿದ್ದೂ ಸರಿ, ಮೇಷ್ಟ್ರು ಹೇಳಿದ್ದೂ ಸರಿ. ಆ ಮಳೆಗಾಲ ಪೂರ್ತಿ ನಾವು ಆ ಎರಡು ಸರಿಗಳ ಮಧ್ಯೆ ಒದ್ದಾಡಿದೆವು.

ಈ ಟ್ರೋಲ್ ಎನ್ನುವುದಕ್ಕೆ ನಮ್ಮಲ್ಲೇ ಎಷ್ಟು ಮಾತಿಲ್ಲ! ಕಡ್ಡಿ ಆಡಿಸುವವನು, ಫಿಟಿಂಗ್ ಇಡುವವನು, ಬೆಂಕಿ ಹಚ್ಚಿ ಚಳಿ ಕಾಯಿಸುವವನು. ಆದರೆ ಅವರನ್ನು ನಾವು ಮುಖ ನೋಡಿ ಬಲ್ಲೆವು. ಅವರಿಗೊಂದು ಲಾಭ ಇರುತ್ತದೆ, ಹಳೇ ಹಗೆ ಇರುತ್ತದೆ, ಸಾಕಾದ ದಿನ ಬಿಡುತ್ತಾರೆ. ಇವನಿಗೆ ಮುಖವೂ ಇರಲಿಲ್ಲ, ಸಾಕು ಅನ್ನುವುದೂ ಇರಲಿಲ್ಲ. ಮೇಷ್ಟ್ರು ಒಂದು ಉತ್ತರ ಕೊಟ್ಟರೆ ಅದರೊಳಗಿಂದಲೇ ಇನ್ನೆರಡು ಪ್ರಶ್ನೆ ಕಿತ್ತು ತೆಗೆಯುತ್ತಿದ್ದ.

ಅವನೊಬ್ಬನೇ ಆಗಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಅವನ ಹಿಂದೆ ಮಿಕ್ಕವರು ಶುರು ಮಾಡಿದರು, ಸ್ವಂತ ಹೆಸರು ಹಾಕಿಕೊಂಡು. ನಮ್ಮ ರಸ್ತೆಯ ಮೂಲೆಮನೆಯ ನಿವೃತ್ತ ಇಂಜಿನಿಯರ್ ಮೂರ್ತಿ ಅವರು, ಮೇಷ್ಟ್ರಿಗೆ ಮೇಜು ಕೊಡುತ್ತೇನೆ ಅಂದವರು, ಬರೆದರು: ನಿಜವಾದಿಯ ಭಾಷೆ ಒರಟು, ಒಪ್ಪುತ್ತೇನೆ, ಆದರೆ ಅವರು ಎತ್ತಿದ ಪ್ರಶ್ನೆಯಲ್ಲಿ ಅರ್ಥವಿಲ್ಲದಿಲ್ಲ. ಊರಿನ ಹುಡುಗರು ಅಲ್ಲಿ ಸೇರಿದರೆ ನಮ್ಮ ರಸ್ತೆಯ ವಾತಾವರಣ ಏನಾಗಬೇಕು? ಅದಕ್ಕೆ ನಾಲ್ಕು ಜನ ಹೌದು ಹೌದು ಅಂದರು. ಅಲ್ಲಿಯವರೆಗೆ ಎದುರು ಸಿಕ್ಕರೆ ನಮಸ್ಕಾರ ಮೇಷ್ಟ್ರೇ ಅನ್ನುತ್ತಿದ್ದ ಜನ! ಅದನ್ನು ಓದಿ ಹೇಳಲು ನನಗೆ ಬಾಯಿ ಬರಲಿಲ್ಲ. ಮೇಷ್ಟ್ರೇ ಪರದೆಯ ಹತ್ತಿರ ಬಗ್ಗಿ, ಅಕ್ಷರ ಅಕ್ಷರ ಕೂಡಿಸಿ ಓದಿಕೊಂಡರು. "ಮೂರ್ತಿಯೋರಾ ಇದು?" ಎಂದು ಒಂದು ಸಲ ಕೇಳಿದರು. ಆಮೇಲೆ ಮಳೆ ನಿಲ್ಲುವವರೆಗೂ ಜೆರಾಕ್ಸ್ ಮಷೀನಿನ ಪಕ್ಕ ಕೂತಿದ್ದು ಎದ್ದು ಹೋದರು.

ಆಷಾಢದ ಗಾಳಿ ಬೀಸುತ್ತಿದ್ದ ಹೊತ್ತಿಗೆ ನಿಜವಾದಿ ಪ್ರಭಾ ಮೇಡಂ ಮೇಲೆ ತಿರುಗಿದ. ಅವರ ಮಗಳು ಗಂಡನ ಮನೆ ಬಿಟ್ಟು ಬಂದು ತಾಯಿಯ ಜೊತೆ ಇದ್ದಳು. ತನ್ನ ಮನೆ ನೆಟ್ಟಗೆ ಇಟ್ಟುಕೊಳ್ಳಲಾಗದವರು ಲೇಔಟ್ ಉದ್ಧಾರಕ್ಕೆ ಹೊರಟಿದ್ದಾರೆ, ಎಂದು ಇಡೀ ಗುಂಪಿಗೆ ಬರೆದ. ಆ ಹುಡುಗಿ ಹಾಲು ತರಲು ಬರುವುದನ್ನೂ ಬಿಟ್ಟಳು. ಪ್ರಭಾ ಮೇಡಂ ಮುಖ ಕಪ್ಪಿಟ್ಟುಹೋಗಿತ್ತು. ಅಷ್ಟಾದರೂ ಓದುವ ಕೋಣೆಯ ಮಾತಿನಿಂದ ಅವರು ಹಿಂದೆ ಸರಿಯಲಿಲ್ಲ. ಇದನ್ನು ನಾನು ಹೇಳಲೇಬೇಕು.

ಅಷ್ಟರಲ್ಲಿ ಆಫೀಸಿನಿಂದ ಸುದ್ದಿ ಬಂತು. ಮುಂದಿನ ಭಾನುವಾರ ಬೆಳಗ್ಗೆ ಒಬ್ಬ ಅಧಿಕಾರಿ ಸೈಟಿಗೇ ಬರುತ್ತಾರೆ, ಊರಿನವರೂ ಲೇಔಟ್‌ನವರೂ ಸೇರಿರಬೇಕು, ನೋಡಿ ವರದಿ ಕೊಡುತ್ತಾರೆ. ಮೇಷ್ಟ್ರು ಕುಣಿಯುವುದೊಂದು ಬಾಕಿ. ಅಂಗಡಿಗೆ ಬಂದವರೇ, "ಗಿರಿಜಮ್ಮ, ನನ್ಗೊಂದು ಐಡಿಯಾ ಬಂದೈತೆ" ಎಂದರು.

ನಮ್ಮ ಊರ ಕಡೆ ಸಭೆ ಸಮಾರಂಭದ ಒಂದು ಪದ್ಧತಿ ಎಲ್ಲರಿಗೂ ಗೊತ್ತು. ಯಾವನು ಅಡ್ಡಗಾಲು ಹಾಕುತ್ತಾನೋ ಅವನನ್ನೇ ಕರೆದು ವೇದಿಕೆ ಮೇಲೆ ಕೂರಿಸಿ, ಹಾರ ಹಾಕಿ, ಅಧ್ಯಕ್ಷರು ಅಂದುಬಿಡುವುದು. ಆಮೇಲೆ ಅವನೇ ಮುಂದೆ ನಿಂತು ಕೆಲಸ ಮಾಡಿಸುತ್ತಾನೆ. ಶಾಲೆಯ ವಾರ್ಷಿಕೋತ್ಸವ, ರಾಜ್ಯೋತ್ಸವ, ಗಣೇಶನ ಪೆಂಡಾಲು, ಎಲ್ಲ ನಡೆಯುವುದು ಹೀಗೇ. ಮೇಷ್ಟ್ರೂ ಜೀವಮಾನವಿಡೀ ಹೀಗೇ ಊರಿನ ಜಗಳಗಂಟರನ್ನು ಪಳಗಿಸಿದ್ದರು. ಒಂದು ಸಲವೂ ಸೋತಿರಲಿಲ್ಲವಂತೆ.

"ನಿಜವಾದಿಯೋರನ್ನ ಅಧ್ಯಕ್ಷತೆಗೆ ಕರೀತೀನಿ. ಬರಿ."

"ನಿಮಗೇನು ತಲೆ ಕೆಟ್ಟಿದೆಯಾ ಮೇಷ್ಟ್ರೇ! ಪ್ರಭಾ ಮೇಡಂ ಮಗಳ ಬಗ್ಗೆ ಏನ್ ಬರ್ದಿದಾನೆ ಗೊತ್ತಲ್ವಾ?"

"ಗೊತ್ತು ಕಣಮ್ಮ. ಅದ್ಕೇ ಕರೀಬೇಕು. ಎದ್ರುಗಡೆ ಬಂದು ಕೂತ್ಕೊಂಡ್ರೆ ಯಾವ ಮನ್ಷನೂ ಹಂಗೆಲ್ಲ ಮಾತಾಡಕ್ಕಾಗಲ್ಲ. ನಾಚ್ಕೆ ಆಗುತ್ತೆ. ಒಂದ್ಸಲ ಕುರ್ಚಿ ಮೇಲೆ ಕೂರ್ಲಿ ಸಾಕು."

ಬಸವರಾಜ ಹೇಳಿ ನೋಡಿದ, ನಾನು ಬೈದು ನೋಡಿದೆ. ಮೇಷ್ಟ್ರು ಜಗ್ಗಲಿಲ್ಲ. ಮಾನ್ಯ ನಿಜವಾದಿಯವರೇ, ತಾವು ದಯಮಾಡಿ ಸಭೆಯ ಅಧ್ಯಕ್ಷತೆ ವಹಿಸಿಕೊಡಬೇಕು, ತಮಗಾಗಿ ಕುರ್ಚಿ ಕಾದಿರುತ್ತದೆ, ಎಂದು ಇ-ಮೇಲ್ ಗುಂಪಿಗೆ ಕಾಗದ ಹೋಯಿತು. ಹಾರದ ಮಾತು ಅದರಲ್ಲಿ ಇರಲಿಲ್ಲ. ಅದನ್ನು ಅವರು ಆಮೇಲೆ ಯೋಚಿಸಿದ್ದು.

ಅರ್ಧ ಗಂಟೆಯೊಳಗೆ ಪ್ರಭಾ ಮೇಡಂ ಕೊಡೆಯನ್ನೂ ಮಡಿಸದೆ ಅಂಗಡಿಗೆ ನುಗ್ಗಿದರು. "ನನ್ನ ಮಗಳ ಮಾನ ಹರಾಜು ಹಾಕಿದೋನಿಗೆ ಅಧ್ಯಕ್ಷ ಪಟ್ಟನಾ ಮೇಷ್ಟ್ರೇ? ನಾನು ಅವನ ಪಕ್ಕ ಕೂತು ಚಪ್ಪಾಳೆ ತಟ್ಟಬೇಕಾ?"

"ಹಂಗಲ್ಲಮ್ಮ, ಸ್ವಲ್ಪ ಸಮಾಧಾನ..."

"ಬೇಡಿ. ಏನೂ ಹೇಳ್ಬೇಡಿ. ಭಾನುವಾರ ನಾನು ಊರಲ್ಲೇ ಇರಲ್ಲ. ಮೈಸೂರಿಗೆ, ನಮ್ಮಕ್ಕನ ಮನೆಗೆ ಹೋಗ್ತಾ ಇದೀನಿ."

ಅವರದು ತಪ್ಪೇ? ಯಾವ ತಾಯಿಯಾದರೂ ಅದನ್ನೇ ಮಾಡುತ್ತಿದ್ದಳು. ಮೇಡಂ ಇಲ್ಲ ಎಂದ ಮೇಲೆ ಮಿಕ್ಕವರಿಗೂ ದಾರಿ ಸಿಕ್ಕಿತು. ಮೂರ್ತಿಯವರಿಗೆ ಜ್ವರ. ಒಬ್ಬರಿಗೆ ಸಿದ್ದಾಪುರದಲ್ಲಿ ತಿಥಿ. ಇನ್ನೊಬ್ಬರ ಮನೆಗೆ ನೆಂಟರು. ಎಲ್ಲರೂ ಗುಂಪಿಗೆ ಒಂದೊಂದು ಸಾಲು ಬರೆದು ಕ್ಷಮೆ ಕೇಳಿದರು.

ಭಾನುವಾರ ಬೆಳಗ್ಗೆ ಮೇಷ್ಟ್ರು ಬಸ್ಸಿನಲ್ಲಿ ಮಡಿವಾಳ ಮಾರ್ಕೆಟ್‌ಗೆ ಹೋಗಿ ಸುಗಂಧರಾಜದ ಹಾರ ತಂದರು. ತೋಳಿನಷ್ಟು ದಪ್ಪದ ಹಾರ, ಮಧ್ಯೆ ಮಧ್ಯೆ ಕೆಂಪು ಗುಲಾಬಿ. ಖಾಲಿ ಸೈಟಿನಲ್ಲಿ ಒಂದು ಶಾಮಿಯಾನ, ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳು. ಮುಂದೆ ಮೇಜು, ಮೇಜಿನ ಹಿಂದೆ ಮಧ್ಯದಲ್ಲಿ ನಿಜವಾದಿಯ ಕುರ್ಚಿ, ಅದಕ್ಕೊಂದು ಬಿಳಿ ಟವೆಲ್ ಹೊದಿಸಿದ್ದರು. ಊರಿನವರು ಬಂದಿದ್ದರು. ಸುಜಾತ, ಅವಳ ಗೆಳತಿಯರು, ಅವರ ತಾಯಂದಿರು, ಒಂದಿಷ್ಟು ಮುದುಕರು. ಅವರು ಹಿಂದಿನ ಕುರ್ಚಿಗಳಲ್ಲಿ ಕೂತಿದ್ದರು. ಮುಂದಿನವು ಲೇಔಟ್‌ನವರಿಗೆ ಎಂದು ಯಾರೂ ಹೇಳಿರಲಿಲ್ಲ, ಆದರೂ ಬಿಟ್ಟಿದ್ದರು.

ಅಧಿಕಾರಿ ಬಂದರು. ಒಳ್ಳೆಯ ಮನುಷ್ಯನೇ. ಸಾಕಷ್ಟು ಹೊತ್ತು ಕಾದರು, ಕಾಫಿ ಕುಡಿದರು, ಸುತ್ತ ಮೂರು ಕಡೆಯ ಮನೆಗಳ ಬಾಲ್ಕನಿಗಳನ್ನು ನೋಡಿದರು. ಬಟ್ಟೆ ಒಣಗುತ್ತಿದ್ದವು, ಮನುಷ್ಯರಿರಲಿಲ್ಲ. "ಸಂಘದೋರು ಯಾರೂ ಇಲ್ವಲ್ಲ ಸಾರ್?" ಎಂದರು.

"ಬರ್ತಾರೆ ಸಾರ್. ಅಧ್ಯಕ್ಷರು ಬರ್ಬೇಕು, ಬಂದ್ರೆ ಎಲ್ರೂ ಬರ್ತಾರೆ."

"ಅಧ್ಯಕ್ಷರು ಯಾರು?"

ಮೇಷ್ಟ್ರಿಗೆ ಇದಕ್ಕೆ ಮಾತ್ರ ಉತ್ತರ ಗೊತ್ತಿರಲಿಲ್ಲ.

ಮಳೆ ಹನಿಯಿತು. ಅಧಿಕಾರಿ ಎದ್ದರು. "ನೋಡಿ ಮೇಷ್ಟ್ರೇ, ಲೇಔಟ್‌ನೋರಿಗೆ ಆಸಕ್ತಿ ಇಲ್ಲ ಅಂತ ಬರೀದೆ ನನಗೆ ಬೇರೆ ದಾರಿ ಇಲ್ಲ. ಬೇಜಾರು ಮಾಡ್ಕೋಬೇಡಿ" ಎಂದು ಜೀಪು ಹತ್ತಿದರು. ಊರಿನವರು ಒಬ್ಬೊಬ್ಬರೇ ಮನೆಗೆ ಓಡಿದರು. ಶಾಮಿಯಾನ ಸೋರತೊಡಗಿತು. ಮೇಷ್ಟ್ರು ಮಾತ್ರ ಹಾರವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೇ ಇದ್ದರು. ಕುರ್ಚಿಯ ಮೇಲಿನ ಬಿಳಿ ಟವೆಲ್ ತೆಗೆದು ಹಾರದ ಮೇಲೆ ಮುಚ್ಚಿದರು, ತಮ್ಮ ತಲೆಗೆ ಹಾಕಿಕೊಳ್ಳಲಿಲ್ಲ. "ಅಪ್ಪಾ, ಏಳಪ್ಪಾ, ಯಾರೂ ಬರಲ್ಲ" ಎಂದು ಸುಜಾತ ತೋಳು ಹಿಡಿದು ಎಬ್ಬಿಸಿದಳು. ಅವಳು ಅಳುತ್ತಿದ್ದಳು. ನಾನೂ ಅತ್ತೆ.

ಸೋಮವಾರ ಮೇಷ್ಟ್ರು ಎಂದಿನಂತೆ ಬಂದರು. ಗುಂಪಿನಲ್ಲಿ ಒಂದೇ ಒಂದು ಹೊಸ ಕಾಗದ ಇತ್ತು, ನಿಜವಾದಿಯದು. ಒಂದೇ ಸಾಲು, ಪಕ್ಕದಲ್ಲಿ ಹಲ್ಲು ಕಿರಿಯುವ ಗುರುತು.

ಹಾರ ಬಾಡಿತಾ ಮೇಷ್ಟ್ರೇ?

ಹಾರದ ವಿಷಯ ಯಾರೂ ಎಲ್ಲೂ ಬರೆದಿರಲಿಲ್ಲ. ಅಂದರೆ ಅವನು ನೋಡಿದ್ದ. ಆ ಮೂರು ಕಡೆಯ ಮನೆಗಳಲ್ಲಿ ಎಲ್ಲೋ ಒಂದು ಪರದೆಯ ಹಿಂದೆ ನಿಂತು ಕಾಫಿ ಕುಡಿಯುತ್ತಾ ನೋಡಿದ್ದ.

ಮೇಷ್ಟ್ರು ಆ ಸಾಲನ್ನು ಓದಿದರು. ನಾನು ಅಭ್ಯಾಸಬಲದಿಂದ ಕೀಬೋರ್ಡಿನ ಮೇಲೆ ಕೈ ಇಟ್ಟು ಕೇಳಿದೆ, "ಏನ್ ಬರೀಲಿ ಮೇಷ್ಟ್ರೇ?"

"ಏನೂ ಬ್ಯಾಡ ಕಣಮ್ಮ" ಎಂದರು. ಬಾಗಿಲವರೆಗೆ ಹೋಗಿ, ತಿರುಗಿ ನಿಂತು, "ಅಷ್ಟು ಹತ್ರ ಇದ್ರಂತೆ. ಇಳ್ದು ಬರಬೋದಿತ್ತು" ಎಂದರು. ಮತ್ತೆ ಅವರು ನನ್ನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಉತ್ತರ ಸಿಗದೆ ನಿಜವಾದಿ ನಾಲ್ಕು ದಿನ ಚಡಪಡಿಸಿ ಮಾಯವಾದ. ಬಸವರಾಜ ಹೇಳಿದ್ದು ಅಕ್ಷರಶಃ ನಿಜವಾಯಿತು. ಏನು ಬಂತು? ಅಷ್ಟು ಹೊತ್ತಿಗೆ ಗುಂಪಿನಲ್ಲಿ ಯಾರೂ ಯಾರನ್ನೂ ನಂಬುತ್ತಿರಲಿಲ್ಲ. ಅವನೇ ಇರಬಹುದು, ಇವನೇ ಇರಬಹುದು ಎಂದು ಎದುರುಬದುರು ಮನೆಯವರು ಮಾತು ಬಿಟ್ಟರು. ಸುಜಾತ ಪಾಸಾದಳು, ಆದರೆ ಅವಳು ಬಯಸಿದ ಕೋರ್ಸು ಸಿಗುವಷ್ಟು ಮಾರ್ಕ್ಸ್ ಬರಲಿಲ್ಲ. ಈಗ ಜಯನಗರದಲ್ಲಿ ಒಂದು ಬಟ್ಟೆಯಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿದ್ದಾಳೆ. ಮೇಷ್ಟ್ರು ಕೆಲವು ವರ್ಷಕ್ಕೆ ತೀರಿಕೊಂಡರು. ಅದಕ್ಕೆ ಮುಂಚೆ ಒಮ್ಮೆ ದಾರಿಯಲ್ಲಿ ಸಿಕ್ಕಾಗ, "ಅವ್ರು ಯಾರೂಂತ ಗೊತ್ತಾಯ್ತೇನಮ್ಮ?" ಎಂದು ಕೇಳಿದ್ದರು. ಇಲ್ಲ ಮೇಷ್ಟ್ರೇ ಅಂದಿದ್ದೆ. ಸೈಟು ಯಾವುದೋ ಟ್ರಸ್ಟಿಗೆ ಹೋಗಿ, ಅದರ ಮೇಲೆ ಈ ಮಂಟಪ ಎದ್ದಿತು. ನಾನು ಅಂಗಡಿ ಮುಚ್ಚಿ ಬನಶಂಕರಿಗೆ ಮನೆ ಬದಲಾಯಿಸಿದೆ.

ಮೊನ್ನೆಯ ನಾಮಕರಣ ಪ್ರಭಾ ಮೇಡಂ ಅವರ ಮರಿಮಗುವಿನದು. ಅವರಿಗೀಗ ತುಂಬಾ ವಯಸ್ಸು. ಕೊನೆಯ ಪಂಕ್ತಿಯಲ್ಲಿ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಆಚೆ ಕಡೆ ಮೂರ್ತಿಯವರು, ಎದುರಿಗೆ ಹಳೇ ಲೇಔಟ್‌ನ ಮುಖಗಳು. ಕೋಸಂಬರಿ, ಪಲ್ಯ ಬಡಿಸಿ ಹೋದರು. ಮೇಡಂ ಹುಳಿಯನ್ನ ಕಲಸುತ್ತಾ ಸುತ್ತ ನೋಡಿ, ತಮ್ಮಷ್ಟಕ್ಕೇ ಎನ್ನುವ ಹಾಗೆ ಮಾತು ತೆಗೆದರು.

"ಇದೇ ಜಾಗ ಅಲ್ವೇನ್ರೀ ಗಿರಿಜಾ? ಮುನಿಯಪ್ಪ ಮೇಷ್ಟ್ರು ಮಳೇಲಿ ಕೂತಿದ್ದು? ಪಾಪ, ಟವೆಲ್ಲು ತಲೆಗೆ ಹಾಕ್ಕೊಳ್ದೆ ಹಾರಕ್ಕೆ ಮುಚ್ಚಿದ್ರು."

ನನ್ನ ಕೈ ಎಲೆಯ ಮೇಲೆ ನಿಂತಿತು. "ನೀವು ಅವತ್ತು ಮೈಸೂರಲ್ಲಿ ಇದ್ರಲ್ಲ ಮೇಡಂ?"

"ಎಲ್ಲಿ ಮೈಸೂರು. ಹೋಗಿರ್ಲಿಲ್ಲ ಕಣ್ರೀ. ಅಡುಗೆಮನೆ ಕಿಟಕೀಲಿ ನಿಂತಿದ್ದೆ."

"ನಮ್ ಬಾಲ್ಕನಿಯಿಂದ ಪೂರ್ತಿ ಕಾಣ್ತಿತ್ತು" ಎಂದರು ಮೂರ್ತಿಯವರು. "ಒಳ್ಳೇ ದಪ್ಪ ಹಾರ. ಮಧ್ಯೆ ಮಧ್ಯೆ ಗುಲಾಬಿ, ಅಲ್ವಾ?"

"ಮಗಳು ಬಂದು ಎಬ್ಬಿಸಿಕೊಂಡು ಹೋದ್ಲಲ್ಲ, ಅಳ್ತಾ ಇದ್ಲು ಪಾಪ" ಎಂದಿತು ಎದುರಿನ ಸಾಲಿನಿಂದ ಒಂದು ದನಿ. ಅದರ ಪಕ್ಕದವರು, "ಹೌದೌದು, ನಾವೂ ನೋಡಿದ್ವಿ" ಎಂದು ತಲೆಯಾಡಿಸಿದರು.

ಅಷ್ಟು ವರ್ಷ ನಾನು ಒಬ್ಬನನ್ನು ಹುಡುಕುತ್ತಿದ್ದೆ. ಹಾರವನ್ನು ನೋಡಿದವನು ಯಾರು ಎಂದು ಗೊತ್ತಾದರೆ ಸಾಕು, ಅವನೇ ನಿಜವಾದಿ ಎಂದು. ಎಲ್ಲರೂ ನೋಡಿದ್ದರು. ಎಲ್ಲರೂ ಮನೆಯಲ್ಲೇ ಇದ್ದರು.

ಬಡಿಸುವವನು ಮುಂದೆ ಬಂದು ಬಗ್ಗಿದ. "ಅಕ್ಕಾ, ಪಾಯಸ ಹಾಕ್ಲಾ?" ಎಲೆ ಮಡಿಸಿ ಎದ್ದುಬಿಡಬೇಕು ಎನ್ನಿಸಿತು. ಪಂಕ್ತಿಯ ಮಧ್ಯೆ ಎದ್ದರೆ ಚೆನ್ನಾಗಿರುವುದಿಲ್ಲ, ಮಗುವಿನ ನಾಮಕರಣ. ಹಾಕಪ್ಪ ಎಂದೆ. ಅವರೆಲ್ಲರ ಜೊತೆ ಕೂತು ಪೂರ್ತಿ ಊಟ ಮಾಡಿ ಬಂದೆ.